ಸೊಂಟ ಬಿದ್ದ ನಾಯಿಗೆ ಚಕ್ರದ ಗಾಡಿ: ಮನೆಯಲ್ಲಿ ಮುದಿ ನಾಯಿಯೂ ಇದ್ದರೆ ಕೊಳ್ಳಬಹುದೇ?

ಆನ್‌ಲೈನಲ್ಲಿ ಸಿಗುವ, ಅಲ್ಯೂಮಿನಿಯಂ ಪೈಪಿನ, ಹಿಂದೆ ಎರಡು ಚಕ್ರವಿರುವ ಗಾಡಿಯ ವಿಮರ್ಶೆ ಇದು. ಹಿಂಗಾಲು ಸ್ವಾಧೀನ ತಪ್ಪಿದ ನಾಯಿಯನ್ನು ಖಾಯಂ ಮನೆ ಸಿಗುವವರೆಗೆ ಇಟ್ಟುಕೊಳ್ಳಲು ಒಪ್ಪಿದ, ಮನೆಯಲ್ಲಿ ಆಗಲೇ ಒಂದು ವಯಸ್ಸಾದ ನಾಯಿ ಇರುವ ತುಮಕೂರಿನವರಿಗಾಗಿ. ಗಾಡಿ ಒಳ್ಳೆಯದೇ, ಆದರೆ ಅದು ಹೊರಗಿನ ಓಡಾಟಕ್ಕೆ. ಮನೆಯೊಳಗೆ ಎರಡೂ ನಾಯಿಗಳನ್ನು ಕಾಯುವುದು ನೆಲಕ್ಕೆ ಹಾಸಿದ ರಬ್ಬರ್ ಮ್ಯಾಟು. ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಮ್ಯಾಟು ತನ್ನಿ.

ಗಾಡಿಗೆ ಆರ್ಡರ್ ಕೊಡುವ ಮುಂಚೆ ಪಶು ಆಸ್ಪತ್ರೆಗೆ ಹೋಗಿ. ಸೊಂಟ ಬಿದ್ದಿದೆ ಎಂದರೆ ರಸ್ತೆಯಲ್ಲಿ ವಾಹನ ಗುದ್ದಿದ್ದೇ ಕಾರಣ ಎಂದುಕೊಳ್ಳಬೇಡಿ. ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದರೂ ಕಾಲು ಬೀಳುತ್ತದೆ, ಅದು ಮನೆಯ ನಾಯಿಗೆ ಹರಡುತ್ತದೆ. ಕನಿಷ್ಠ 14 ದಿನ ಹೊಸ ನಾಯಿಯನ್ನು ಬೇರೆ ಕೋಣೆಯಲ್ಲಿಡಿ. ತಟ್ಟೆ, ಬಟ್ಟೆ ಬೇರೆ ಇರಲಿ, ಉಣ್ಣಿಗೆ ಔಷಧಿ ಬೀಳಲಿ. ಮುದಿ ನಾಯಿಯ ಲಸಿಕೆ ಬಾಕಿಯಿದ್ದರೆ ಹೊಸದು ಬರುವ ಮೊದಲೇ ಹಾಕಿಸಿ. ಬೆನ್ನುಮೂಳೆಯ ಪೆಟ್ಟಾಗಿದ್ದರೆ ಎಕ್ಸ್‌ರೇ ಆಗದೆ ಗಾಡಿಗೆ ಹಾಕುವಂತಿಲ್ಲ.

ಇನ್ನು ಅಳತೆ. ಅಳತೆ ತಪ್ಪಿದರೆ ಒಳ್ಳೆಯ ಗಾಡಿಯನ್ನೂ ವಾಪಸ್ ಕಳಿಸಬೇಕಾಗುತ್ತದೆ. ಮಲಗಿರುವ ನಾಯಿಯನ್ನು ಅಳೆಯಬೇಡಿ. ಒಬ್ಬರು ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಸೊಂಟ ಎತ್ತಿ, ಬೆನ್ನು ನೇರವಾಗಿರುವಂತೆ ಹಿಡಿಯಲಿ. ಇನ್ನೊಬ್ಬರು ಟೇಪು ಹಿಡಿಯಲಿ. ತೊಡೆಸಂದಿನಿಂದ ನೆಲದವರೆಗಿನ ಎತ್ತರ, ಸೊಂಟದ ಅತಿ ಅಗಲವಾದ ಜಾಗ, ಮುಂಗಾಲಿನ ಕಂಕುಳಿನಿಂದ ಬಾಲದ ಬುಡದವರೆಗಿನ ಉದ್ದ. ಜೊತೆಗೆ ತೂಕ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ.

ಜೋಡಿಸಿದ ಮೇಲೆ ಪಕ್ಕದಿಂದ ನೋಡಿದರೆ ಬೆನ್ನು ಸಮತಟ್ಟಾಗಿರಬೇಕು. ಹಿಂಭಾಗ ಎತ್ತರವಾದರೆ ಭಾರವೆಲ್ಲ ಭುಜಕ್ಕೆ ಬಿದ್ದು, ಗಟ್ಟಿಯಾಗಿರುವ ಮುಂಗಾಲೂ ಸೋಲುತ್ತದೆ. ತಗ್ಗಾದರೆ ಪಾದ ರಸ್ತೆಗೆ ಉಜ್ಜಿ ರಕ್ತ ಬರುತ್ತದೆ. ಎದೆಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮೊದಲ ವಾರ ದಿನಕ್ಕೆರಡು ಸಲ, ಸಲಕ್ಕೆ 10 ನಿಮಿಷ ಸಾಕು. ಆಮೇಲೆ ನಿಧಾನವಾಗಿ ಅರ್ಧ ಗಂಟೆಗೆ ಹೋಗಬಹುದು. ಬಿಚ್ಚಿದ ಕೂಡಲೇ ತೊಡೆಸಂದು, ಕಂಕುಳು ನೋಡಿ. ಕೆಂಪಾದದ್ದು ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಅಲ್ಲಿ ಮೆತ್ತೆ ಸಾಲದು. ಸ್ಪಂಜಿನ ಮೇಲೆ ಹಳೆಯ ಹತ್ತಿ ಬನಿಯನ್ ಬಟ್ಟೆ ಸುತ್ತಿ, ದಿನಾ ಬದಲಿಸಿ. ಗಾಡಿಯಲ್ಲಿ ನಾಯಿ ಮಲಗಲಾರದು. ಹಾಗಾಗಿ ಕಟ್ಟಿಹಾಕಿ ಒಳಗೆ ಹೋಗುವುದು, ರಾತ್ರಿ ಬಿಡುವುದು ಸಲ್ಲದು.

ಈ ಗಾಡಿಗಳ ದೊಡ್ಡ ಕೊರತೆ ಚಕ್ರ. ನಾಲ್ಕಿಂಚಿನ ಸಣ್ಣ ಚಕ್ರ ನಮ್ಮ ಮನೆಗಳ ಹೊಸಿಲು ದಾಟುವುದಿಲ್ಲ, ಮುಗ್ಗರಿಸಿ ನಿಲ್ಲುತ್ತದೆ, ಎಂಟಿಂಚು ಇರಲಿ. ಗಾಳಿ ತುಂಬುವ ಟೈರು ಬೇಡ. ಊರಾಚೆ ಬಯಲೆಲ್ಲ ಜಾಲಿ ಮುಳ್ಳು, ವಾರಕ್ಕೊಂದು ಪಂಕ್ಚರ್ ಗ್ಯಾರಂಟಿ. ಗಟ್ಟಿ ರಬ್ಬರಿನದು ಸ್ವಲ್ಪ ಕುಲುಕಿದರೂ ಅದೇ ವಾಸಿ. ಜೊತೆಗೆ ಬರುವ ರೆಕ್ಕೆಯ ನಟ್ಟುಗಳು ಕುಲುಕಾಟಕ್ಕೆ ಸಡಿಲವಾಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಸುಲಭಕ್ಕೆ ಸಡಿಲವಾಗದ ನಟ್ಟು) ಕೇಳಿ ಹಾಕಿಕೊಳ್ಳಿ.

ಮುದಿ ನಾಯಿಗೆ ಅಪಾಯ ಇರುವುದು ಆಚೀಚೆ ಚಾಚಿಕೊಂಡಿರುವ ಈ ಚಕ್ರದಿಂದಲೇ. ಗಾಡಿಯ ನಾಯಿಗೆ ತನ್ನ ಹಿಂಭಾಗದ ಅಗಲ ಗೊತ್ತಾಗುವುದಿಲ್ಲ. ತಿರುಗುವಾಗ ಅಚ್ಚಿನ ತುದಿ ಕೀಲುನೋವಿರುವ ಮುದಿ ನಾಯಿಯ ಕಾಲಿಗೇ ಬಡಿಯುತ್ತದೆ. ಕಿವಿ ಮಂದವಾದ ನಾಯಿಗೆ ಹಿಂದಿನಿಂದ ಬರುವ ಚಕ್ರದ ಸದ್ದೂ ಕೇಳದು, ಬೆಚ್ಚಿಬಿದ್ದು ಕಚ್ಚಬಹುದು. ಅಚ್ಚಿನ ತುದಿಗೆ ಟೆನಿಸ್ ಚೆಂಡು ಕೊಯ್ದು ಸಿಕ್ಕಿಸಿ. ಖಾಲಿ ಗಾಡಿಯನ್ನು ಎರಡು ದಿನ ನಡುಮನೆಯಲ್ಲಿಟ್ಟು ಮುದಿ ನಾಯಿ ಮೂಸಿ ನೋಡಲು ಬಿಡಿ. ಊಟ ಬೇರೆ ಬೇರೆ ಕೋಣೆಯಲ್ಲಿ. ಹಳೆಯ ನಾಯಿ ಮಲಗುವ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸಬೇಡಿ, ಅದು ಅದರದ್ದು.

ಮ್ಯಾಟಿನ ಲೆಕ್ಕ ಸುಲಭ: ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಎರಡಡಿ ಅಗಲದ ದಾರಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಮುದಿ ನಾಯಿಯ ಹಿಂಗಾಲುಗಳು ಜಾರಿ ಆಚೀಚೆ ಅಗಲಿಬಿಡುತ್ತವೆ. ತೆವಳುವ ನಾಯಿಗೆ ಸಿಮೆಂಟು ನೆಲ ತೊಡೆಯ ಚರ್ಮ ಸುಲಿಯುತ್ತದೆ. ತೆಂಗಿನ ನಾರಿನ ಮ್ಯಾಟು ತರಬೇಡಿ, ಅದೂ ಉಜ್ಜುತ್ತದೆ.

ಗಾಡಿಯಿಂದ ಬಗೆಹರಿಯದ ಕೆಲಸ ಒಂದಿದೆ: ಮೂತ್ರ. ಇಂಥ ಎಷ್ಟೋ ನಾಯಿಗಳು ತಾವಾಗಿ ಪೂರ್ತಿ ಮಾಡಲಾರವು. ಆರರಿಂದ ಎಂಟು ಗಂಟೆಗೊಮ್ಮೆ ಕಿಬ್ಬೊಟ್ಟೆ ಒತ್ತಿ ಖಾಲಿ ಮಾಡಿಸಬೇಕು. ಒತ್ತುವ ಬಗೆಯನ್ನು ಡಾಕ್ಟರ ಎದುರಿಗೇ ಕಲಿಯಿರಿ, ವಿಡಿಯೋ ನೋಡಿ ಪ್ರಯೋಗ ಬೇಡ. ಗಾಡಿಗೆ ಹಾಕುವ ಮುನ್ನ ಇದು ಆಗಿರಲಿ. ಮೂತ್ರ ಮಬ್ಬಾಗಿ ನಾರಿದರೆ ಸೋಂಕು, ಅವತ್ತೇ ತೋರಿಸಿ.

ಓಡಾಟ ಬೆಳಗ್ಗೆ ಏಳೂವರೆಯೊಳಗೆ ಅಥವಾ ಸಂಜೆ ಆರರ ನಂತರ. ಬಿ.ಎಚ್. ರಸ್ತೆಯಂಥ ವಾಹನ ದಟ್ಟಣೆಯ ರಸ್ತೆಯ ಅಂಚು ಬೇಡ. ಬೀದಿನಾಯಿಗಳು ಸುತ್ತುವರಿದರೆ ಗಾಡಿಯ ನಾಯಿ ತಿರುಗಿ ಓಡಲಾರದು. ಕಾಂಪೌಂಡಿರುವ ಜಾಗ ಅಥವಾ ಮನೆಯ ತಾರಸಿ ಆಗಬಹುದು.

ಗಾಡಿಗೆ 5ಕ್ಕೆ 3½: ಚೌಕಟ್ಟು ಗಟ್ಟಿ, ಪಟ್ಟಿ ಪರವಾಗಿಲ್ಲ, ನಟ್ಟು ಕಳಪೆ. ನಾಯಿಗೆ ಹೊಸ ಮನೆ ಸಿಕ್ಕಾಗ ಗಾಡಿಯನ್ನೂ ಜೊತೆಗೇ ಕಳಿಸಿ. ಪೈಪುಗಳು ಎಲ್ಲಿ ನಿಂತಿವೆ ಎಂದು ಮಾರ್ಕರಿನಲ್ಲಿ ಗೆರೆ ಎಳೆದು ಕೊಟ್ಟರೆ ಅವರು ಮತ್ತೆ ಅಳೆಯಬೇಕಾಗಿಲ್ಲ.