ಹೆಣ್ಣುಡುಗೆಯ ಮೂರು ಕೂಟಗಳು: ಯಾವ ನಿಯಮ ಉಡುವವರಿಗೆ ಒಗ್ಗಿತು?

ಗಂಡಸರು ಹೆಣ್ಣುಮಕ್ಕಳ ಉಡುಗೆ ಉಟ್ಟು, ಒಂದಷ್ಟು ಹೊತ್ತು ಕುಳಿತು ಮಾತನಾಡಿ, ಊಟ ಮಾಡಿ ಮರಳುವ ಖಾಸಗಿ ಕೂಟಗಳಿಗೆ ನಾನು ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ. ಬೆಳಗಾವಿ, ವಿಜಯಪುರ ಮತ್ತು ನನ್ನ ಊರಾದ ಬಾಗಲಕೋಟೆಯ ಮೂರು ಬೇರೆ ಬೇರೆ ಗುಂಪುಗಳನ್ನು ಹತ್ತಿರದಿಂದ ಕಂಡಿದ್ದೇನೆ. ಬೆಳಗಾವಿಯವರಲ್ಲಿ ಉಡುಗೆಗೆ ನಿಯಮವೇ ಇರಲಿಲ್ಲ. ವಿಜಯಪುರದವರು ಎರಡು ಪುಟದ ನಿಯಮಾವಳಿ ಕಳಿಸುತ್ತಿದ್ದರು. ಬಾಗಲಕೋಟೆಯವರು ಫೋನಿನಲ್ಲಿ ಐದು ಮಾತು ಹೇಳಿ ಮುಗಿಸುತ್ತಿದ್ದರು. ಹೊಸಬರು ಮೊದಲು ಕೇಳುವುದು ‘ಏನು ಉಡಬೇಕು?’ ಎಂದೇ ಆದ್ದರಿಂದ, ಮೂರನ್ನೂ ಮೈಮೇಲೆ ಹಾಕಿಕೊಂಡು ನೋಡಿದವನಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಬೆಳಗಾವಿಯ ಕೂಟಕ್ಕೆ ನಾನು ಹೋದದ್ದು ಆಗಸ್ಟ್ ತಿಂಗಳ ಜಡಿಮಳೆಯಲ್ಲಿ. ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ಹನ್ನೊಂದು ಜನ ಸೇರಿದ್ದೆವು. ‘ಯಾರಿಗೆ ಏನು ಇಷ್ಟವೋ ಅದನ್ನು ಉಡಿ’ ಎಂದು ಹೇಳಿದ್ದರ ಹಿಂದಿನ ಮನಸ್ಸು ಒಳ್ಳೆಯದೇ ಆಗಿತ್ತು. ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಒಬ್ಬರೇ ಉಟ್ಟವರಿಗೆ ಇನ್ನೊಂದು ಕಟ್ಟಳೆ ಬೇಡ ಎಂಬುದು ಅವರ ವಾದ. ಆದರೆ ಒಬ್ಬರು ಮದುಮಗಳಂತೆ ಜರಿ ಸೀರೆ ಉಟ್ಟು ಬಂದರು, ಇನ್ನೊಬ್ಬರು ಮಲಗುವ ಕೋಣೆಯಲ್ಲಿ ತೊಡುವ ತೆಳು ನೈಟಿಯಲ್ಲಿ ಬಂದರು, ಮೊದಲ ಸಲ ಬಂದಿದ್ದ ಹುಡುಗನೊಬ್ಬ ಅಂಗಿ ಪ್ಯಾಂಟಿನಲ್ಲೇ ಮೂಲೆಯಲ್ಲಿ ಕುಳಿತು ತನ್ನ ಚೀಲವನ್ನು ಕೊನೆಯವರೆಗೂ ಬಿಚ್ಚಲಿಲ್ಲ. ಚೀಲದಲ್ಲಿ ಒಂದು ಸಾದಾ ಚೂಡಿದಾರ್ ಇತ್ತೆಂದು, ಜರಿಯ ನಡುವೆ ಅದನ್ನು ತೆಗೆಯಲು ಸಂಕೋಚವಾಯಿತೆಂದು ಅವನು ನನಗೆ ಹೇಳಿದ್ದು ಹೊರಡುವಾಗ. ನಿಯಮವಿಲ್ಲದಿರುವುದು ಹಳಬರಿಗೆ ಸಲಿಗೆ ಕೊಡುತ್ತದೆ, ಹೊಸಬರಿಗೆ ಊಹಿಸುವ ಕಷ್ಟವನ್ನು ಕೊಡುತ್ತದೆ ಎಂದು ನನಗೆ ಅಂದೇ ಅನ್ನಿಸಿತು.

ಅದಕ್ಕಿಂತ ದೊಡ್ಡ ತೊಂದರೆ ಬಂದದ್ದು ಮೆಟ್ಟಿಲಿನ ಮೇಲೆ. ಇಬ್ಬರು ತಮ್ಮ ಕೋಣೆಯಲ್ಲೇ ಪೂರ್ತಿ ಸಿಂಗರಿಸಿಕೊಂಡು ಆಟೋದಲ್ಲಿ ಬಂದಿಳಿದಿದ್ದರು. ಮಳೆಗೆ ಕಾಡಿಗೆ ಇಳಿದಿತ್ತು, ವಿಗ್ ಒದ್ದೆಯಾಗಿತ್ತು. ಕೆಳಗಿನ ಮನೆಯವರು ಅದನ್ನು ಕಂಡರು, ಮನೆಯ ಮಾಲೀಕರಿಗೆ ಮಾತು ಮುಟ್ಟಿತು, ಸಂಜೆ ಐದರೊಳಗೆ ನಾವು ಮನೆ ಬಿಡಬೇಕಾಯಿತು. ಹಾಗೆ ಉಟ್ಟು ಬಂದದ್ದು ಅಪರಾಧವಲ್ಲ. 2014ರ ಏಪ್ರಿಲ್ 15ರಂದು ಬಂದ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಬ್ಬ ವ್ಯಕ್ತಿ ತಾನು ಗುರುತಿಸಿಕೊಂಡ ಲಿಂಗವನ್ನು ಉಡುಗೆ, ಮಾತು ಮತ್ತು ನಡವಳಿಕೆಗಳಲ್ಲಿ ತೋರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದು ಹೇಳಿದೆ. ಆದರೆ ಕೂಟಕ್ಕೆ ಬರುವವರಲ್ಲಿ ಅನೇಕರು ಗಂಡಸರಾಗಿಯೇ ಬದುಕುವವರು, ಮನೆಯಲ್ಲಿ ಹೇಳದವರು, ಸರ್ಕಾರಿ ಕೆಲಸದಲ್ಲಿರುವವರು. ಇಬ್ಬರ ಧೈರ್ಯಕ್ಕೆ ಉಳಿದ ಒಂಬತ್ತು ಜನರ ಗುಟ್ಟು ಒತ್ತೆಯಾಗಬಾರದು. ಉಡುವ ಹಕ್ಕು ಒಬ್ಬೊಬ್ಬರದು, ಬಾಗಿಲ ಎಚ್ಚರ ಎಲ್ಲರದು.

ವಿಜಯಪುರದ ಗುಂಪು ಈ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಅಲ್ಲಿಗೆ ಗಂಡುಡುಗೆಯಲ್ಲೇ ಬರಬೇಕು, ಒಳಗೆ ಬದಲಿಸಬೇಕು, ಫೋನನ್ನು ಬಾಗಿಲಲ್ಲಿ ಒಪ್ಪಿಸಬೇಕು. ಅಷ್ಟರಲ್ಲೇ ನಿಲ್ಲಿಸಿದ್ದರೆ ನಾನು ಆ ಗುಂಪನ್ನೇ ಎಲ್ಲರಿಗಿಂತ ಮೇಲೆ ಇಡುತ್ತಿದ್ದೆ. ಆದರೆ ನಿಯಮಾವಳಿ ಮುಂದುವರಿದು ಸೀರೆಯೇ ಆಗಬೇಕು, ವಿಗ್ ಕಡ್ಡಾಯ, ಕೈಕಾಲಿನ ಕೂದಲು ತೆಗೆದಿರಬೇಕು, ಮೀಸೆ ಇರಬಾರದು, ಹಿಮ್ಮಡಿ ಎತ್ತರದ ಚಪ್ಪಲಿ ಇರಬೇಕು ಎಂಬಲ್ಲಿಗೆ ಹೋಗಿತ್ತು. ನಾನು ಹೋದದ್ದು ಏಪ್ರಿಲ್‌ನಲ್ಲಿ. ಆ ತಿಂಗಳು ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ನೈಲಾನ್ ಕೂದಲಿನ ವಿಗ್ ಮತ್ತು ಸಿಂಥೆಟಿಕ್ ಸೀರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಬ್ಬರು ತಲೆ ಸುತ್ತಿ ಕುಳಿತರು. ಅವರ ವಿಗ್ ತೆಗೆಸಿ ನೀರು ಮಜ್ಜಿಗೆ ಕೊಡುವವರೆಗೂ ನಿಯಮ ಮುರಿಯಲು ಯಾರೂ ಮುಂದಾಗಲಿಲ್ಲ ಎಂಬುದು ನನಗೆ ಇಂದಿಗೂ ಕಾಡುತ್ತದೆ.

ಮೀಸೆಯ ನಿಯಮವನ್ನು ಮಾಡಿದವರು ನಮ್ಮ ಊರುಗಳನ್ನು ಮರೆತಿದ್ದರು. ನಮ್ಮಲ್ಲಿ ಮೀಸೆ ಬಿಟ್ಟಿದ್ದ ಗಂಡಸು ಒಂದು ಬೆಳಿಗ್ಗೆ ಅದನ್ನು ಬೋಳಿಸಿಕೊಂಡು ಬಂದರೆ, ಎದುರಿಗೆ ಸಿಕ್ಕವರು ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ತಂದೆ ಬದುಕಿರುವಾಗ ಮೀಸೆ ತೆಗೆಯಬಾರದು ಎಂದು ನಂಬುವ ಮನೆಗಳೂ ಇವೆ. ಒಂದು ಮಧ್ಯಾಹ್ನದ ಕೂಟಕ್ಕಾಗಿ ಹಳ್ಳಿಯ ಒಬ್ಬ ಗೃಹಸ್ಥನಿಗೆ ಇಂಥ ಪ್ರಶ್ನೆಗಳನ್ನು ಹೊರಿಸುವುದು ನ್ಯಾಯವಲ್ಲ. ಬಾಗಲಕೋಟೆಯ ಕೂಟದಲ್ಲಿ ಮೀಸೆಯವರೊಬ್ಬರು ಅಚ್ಚುಕಟ್ಟಾಗಿ ಸೀರೆ ಉಟ್ಟು ಕುಳಿತಿದ್ದರು. ಅವರ ನಿರಿಗೆಯನ್ನು ಹೊಗಳಿದವರುಂಟು, ಮೀಸೆಯ ಮಾತು ತೆಗೆದವರಿಲ್ಲ.

ಬಾಗಲಕೋಟೆಯವರು ಹೇಳಿದ ಐದು ಮಾತುಗಳು ಇಷ್ಟೇ: ದಿನದ ಉಡುಗೆಯಲ್ಲಿ ಬಂದು ಇಲ್ಲೇ ಬದಲಿಸಿಕೊಂಡು ಹೋಗುವ ಮುಂಚೆ ಮುಖ ತೊಳೆಯಿರಿ, ನಿಮ್ಮ ವಯಸ್ಸಿನ ಅಕ್ಕನೊಬ್ಬಳು ಆ ಹೊತ್ತಿನಲ್ಲಿ ಬೀಗರ ಮನೆಗೆ ಹೋಗುವಾಗ ಏನು ಉಡುತ್ತಾಳೋ ಅದನ್ನು ಉಡಿ, ಒಳ ಉಡುಪು ಹೊರಗೆ ಕಾಣದಂತಿರಲಿ, ಕೇಳದೆ ಫೋಟೋ ತೆಗೆಯಬೇಡಿ, ಯಾರು ಯಾವ ಹೆಸರು ಹೇಳುತ್ತಾರೋ ಅದರಿಂದಲೇ ಕರೆಯಿರಿ. ಅಕ್ಕನ ಉಡುಗೆಯ ಆ ಎರಡನೆಯ ಮಾತಿನಲ್ಲಿ ಎಲ್ಲವೂ ಅಡಗಿದೆ ಎಂದು ನನ್ನ ಅನುಭವ. ವಯಸ್ಸು, ಹೊತ್ತು, ಜಾಗ ಎಂಬ ಮೂರು ಅಳತೆಗಳನ್ನು ಅದು ಕೊಡುತ್ತದೆ, ಸೀರೆಯೋ ಚೂಡಿದಾರೋ ಎಂಬ ಆಯ್ಕೆಯನ್ನು ನಮಗೇ ಬಿಡುತ್ತದೆ. ಮೊದಲ ದಿನ ನಾನು ಬೆಳಗಿನ ಹನ್ನೊಂದಕ್ಕೆ ಅಗಲ ಜರಿಯ ಸೀರೆ ಉಟ್ಟು ಹೊರಬಂದಾಗ ಮನೆಯ ಹಿರಿಯರು, ‘ಅಕ್ಕಾರ, ಮಟಮಟ ಹಗಲಿನ್ಯಾಗ ಇಷ್ಟು ಜರಿ ಯಾಕ್ರಿ? ಲಗ್ನ ಐತೇನ್ರಿ?’ ಎಂದು ಮೆಲ್ಲಗೆ ಕೇಳಿದರು. ನನಗೆ ನೋವಾಗಲಿಲ್ಲ, ನನ್ನ ಅಕ್ಕ ಕೇಳಿದ್ದರೂ ಹಾಗೆಯೇ ಕೇಳುತ್ತಿದ್ದಳು.

ಫೋಟೋದ ಮಾತನ್ನು ಕೂಟವೇ ಹೇಳಬೇಕಾದುದಕ್ಕೆ ಕಾರಣವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ತೆಗೆಯುವವರಿಗೆ ಅಥವಾ ಹರಡುವವರಿಗೆ ಮೂರು ವರ್ಷದವರೆಗಿನ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ಹೇಳುತ್ತದೆ. ಸೀರೆ ಉಟ್ಟು ನಗುತ್ತ ಕುಳಿತವರ ಮುಖದ ಚಿತ್ರ ಆ ಕಲಮಿನೊಳಗೆ ಬರುವುದಿಲ್ಲ. ನಮ್ಮನ್ನು ಸಂಕಟಕ್ಕೆ ನೂಕುವುದು ಆ ಮುಖದ ಚಿತ್ರವೇ. ವಿಜಯಪುರದಲ್ಲಿ ಫೋನನ್ನೇ ಕಿತ್ತುಕೊಂಡದ್ದರಿಂದ ಮನೆಯಿಂದ ಬರಬಹುದಾದ ಕರೆಯ ಚಿಂತೆ ಹಲವರಿಗೆ ಹತ್ತಿತ್ತು. ಬಾಗಲಕೋಟೆಯಲ್ಲಿ ಫೋನುಗಳು ಎಲ್ಲರಿಗೂ ಕಾಣುವಂತೆ ಒಂದು ಬುಟ್ಟಿಯಲ್ಲಿದ್ದವು. ಕರೆ ಬಂದವರು ಎದ್ದು ಹೋಗಿ ಮಾತನಾಡಿ ಬಂದು ಮತ್ತೆ ಅಲ್ಲಿಯೇ ಇಡುತ್ತಿದ್ದರು. ನಾನು ಬುಟ್ಟಿಯ ಪರ.

ಇನ್ನು ಉಡುಗೆಗಳನ್ನೇ ಎದುರುಬದುರು ಇಟ್ಟು ನೋಡುವುದಾದರೆ, ನಾನು ಹೆಚ್ಚು ದಿನ ಉಟ್ಟದ್ದು ಇಳಕಲ್ ಸೀರೆ. ಅದು ನಮ್ಮದೇ ಜಿಲ್ಲೆಯ ನೇಕಾರರ ಕೆಲಸ. ಮೈಭಾಗದ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವ ಪದ್ಧತಿ ಅದರ ಗುರುತು. ಕೆಂಪು ಬಿಳಿಯ ತೋಪತೆನಿ ಸೆರಗಿನಿಂದ ದೂರದಿಂದಲೇ ಗೊತ್ತಾಗುತ್ತದೆ. ಹತ್ತಿಯ ಇಳಕಲ್ ಗಂಡಸಿನ ಮೈಗೆ ಹೇಳಿ ಮಾಡಿಸಿದಂತಿದೆ: ಬೆವರನ್ನು ಹೀರುತ್ತದೆ, ನಿರಿಗೆ ಗಟ್ಟಿಯಾಗಿ ನಿಲ್ಲುತ್ತದೆ, ಮೈಗೆ ಅಂಟಿ ಆಕಾರವನ್ನು ಬಯಲು ಮಾಡುವುದಿಲ್ಲ. ಸಿಂಥೆಟಿಕ್ ಸೀರೆ ಅಗ್ಗ, ಹಗುರ, ಆದರೆ ಸೊಂಟವಿಲ್ಲದ ಮೈಮೇಲೆ ನಿಲ್ಲದೆ ಜಾರುತ್ತದೆ. ಅದನ್ನು ಉಟ್ಟ ದಿನ ನಾನು ಆರು ಕಡೆ ಪಿನ್ನು ಹಾಕಿದೆ, ಇಳಕಲ್ಲಿಗೆ ಎರಡು ಸಾಕಾದವು. ಪರಕರದ ಲಾಡಿಯನ್ನು ಹೊಕ್ಕುಳಿನ ಮಟ್ಟದಲ್ಲಿ ಬಿಗಿದರೆ ಅರ್ಧ ಕಷ್ಟ ಕಳೆಯುತ್ತದೆ. ಎತ್ತರದವರು ಪನ್ನವನ್ನು, ಅಂದರೆ ಸೀರೆಯ ಅಗಲವನ್ನು, ಅಳೆದು ಕೊಳ್ಳಬೇಕು: ಸಾಮಾನ್ಯ ಸೀರೆಯ ಪನ್ನ 45ರಿಂದ 48 ಅಂಗುಲ, ಆರಡಿಯವರು ಸೊಂಟದ ಮೇಲೆ ಸಿಕ್ಕಿಸಿದರೆ ಹಿಮ್ಮಡಿಯ ಗಂಟು ಕಾಣುತ್ತದೆ.

ಇಳಕಲ್ಲಿಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಚೆಂದ ಎಂದು ಹೊಲಿಸಲು ಹೋದರೆ, ನನ್ನ 42 ಅಂಗುಲದ ಎದೆಗೆ ಒಂದು ಖಣ ಸಾಲದೆ ಎರಡು ಬೇಕಾದವು. ದರ್ಜಿಗೆ ನಾಟಕದ ಪಾತ್ರಕ್ಕೆಂದು ಹೇಳುವವರಿದ್ದಾರೆ. ಸಣ್ಣಾಟ, ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಕಟ್ಟುವುದನ್ನು ಕಂಡ ಸೀಮೆಯಾದ್ದರಿಂದ ಆ ಮಾತು ನಡೆಯುತ್ತದೆ. ನಾನು ಅಳತೆಯ ಚೀಟಿ ಕೊಟ್ಟು ಸುಮ್ಮನಾದೆ, ಅವರೂ ಏನೂ ಕೇಳಲಿಲ್ಲ. ತೋಳನ್ನು ಮೊಳಕೈವರೆಗೆ ಇಡಿಸಿದರೆ ಭುಜದ ಅಗಲ ತಗ್ಗಿ ಕಾಣುತ್ತದೆ.

ಚೂಡಿದಾರ್ ಹೊಸಬರಿಗೆ ಸೀರೆಗಿಂತ ಮೇಲು. ಐದು ನಿಮಿಷದಲ್ಲಿ ಉಡಬಹುದು, ಯಾರಾದರೂ ಬಾಗಿಲು ಬಡಿದರೆ ಅಷ್ಟೇ ಬೇಗ ಬಿಚ್ಚಬಹುದು, ವೇಲ್ ಒಂದಿದ್ದರೆ ಕೊರಳಿನ ಉಬ್ಬು ಮರೆಯಾಗುತ್ತದೆ, ಬೆಳಗಾವಿಯ ಮಳೆಯಲ್ಲಿ ಅಂಚು ಕೆಸರಾಗುವುದಿಲ್ಲ. ಅದರ ಕೊರತೆ ಕೂರುವಾಗ ಗೊತ್ತಾಗುತ್ತದೆ: ಸೀರೆ ನಮ್ಮನ್ನು ತಾನಾಗಿಯೇ ಕಾಲು ಕೂಡಿಸಿ ಕೂರಿಸುತ್ತದೆ, ಚೂಡಿದಾರದಲ್ಲಿ ಹಳೆಯ ರೂಢಿ ಮರಳುತ್ತದೆ. ಮೊಳಕಾಲಿಗಿಂತ ಮೇಲಿನ ಸ್ಕರ್ಟನ್ನು ನಾನು ಒಮ್ಮೆ ಮಾತ್ರ ತೊಟ್ಟೆ. ಜಮಖಾನದ ಮೇಲೆ ಕುಳಿತು ರೊಟ್ಟಿ ಉಣ್ಣುವ ಕೂಟಕ್ಕೆ ಅದು ಹೊಂದುವುದಿಲ್ಲ.

ಬಳೆಯ ಅಳತೆ ಅನೇಕರಿಗೆ ಗೊತ್ತಿರುವುದಿಲ್ಲ. ಬಳೆಗಾರರು 2-4, 2-6, 2-8 ಎಂದು ಹೇಳುವಾಗ ಎರಡನೆಯ ಅಂಕಿ ಅಂಗುಲದ ಹದಿನಾರರ ಪಾಲು. 2-8 ಎಂದರೆ ಒಳ ಅಡ್ಡಳತೆ ಎರಡೂವರೆ ಅಂಗುಲ. ನನ್ನ ಕೈಗೆ 2-12 ಬೇಕಾಯಿತು. ಬಿಗಿಯಾದ ಗಾಜಿನ ಬಳೆ ಒಡೆದು ಮುಂಗೈ ಗೀರಿಕೊಂಡರೆ ಮನೆಯಲ್ಲಿ ಕಾರಣ ಹೇಳಬೇಕಾಗುತ್ತದೆ.

ಎರಡು ವಸ್ತುಗಳ ವಿಷಯದಲ್ಲಿ ಮೂರೂ ಗುಂಪುಗಳು ಏನೂ ಹೇಳಿರಲಿಲ್ಲ, ಹೇಳಬೇಕಿತ್ತು. ಒಂದು, ಮುತ್ತು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಜೋಗತಿಯರು ಕಟ್ಟಿಸಿಕೊಳ್ಳುವ ಕೆಂಪು ಬಿಳಿ ಮಣಿಗಳ ಸರವನ್ನು ಒಬ್ಬರು ಒಡವೆಯೆಂದು ಹಾಕಿಕೊಂಡು ಬಂದಿದ್ದರು. ಮುತ್ತು ಕಟ್ಟಿಸಿಕೊಂಡವರಿಗೆ ಅದು ಇಡೀ ಬದುಕಿನ ಕಟ್ಟು, ಮನೆಮಂದಿಯನ್ನು ಬಿಟ್ಟು ಹೊರಟ ನೋವೂ ಅದರಲ್ಲಿರುತ್ತದೆ. ಸಂಜೆಗೆ ಬಿಚ್ಚಿ ಚೀಲಕ್ಕೆ ಹಾಕುವ ನಾವು ಅದನ್ನು ಮುಟ್ಟಬಾರದು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಾಗ ಸಂತೋಷಪಟ್ಟವರು ನಾವೆಲ್ಲ. ಆ ಗೌರವ ಉಡುಗೆಯಲ್ಲೂ ಕಾಣಬೇಕು. ಇನ್ನೊಂದು, ತಾಳಿ. ನನ್ನ ಹೆಂಡತಿಗೆ ವಿಷಯ ಹೇಳಿದ ಮೇಲೆ ಆಕೆ ಬಹಳ ದಿನ ಮಾತನಾಡಲಿಲ್ಲ. ಕೊನೆಗೆ ಒಂದು ದಿನ ಕಪಾಟು ತೆರೆದು, ‘ನನ್ನ ಸೀರಿ ಬೇಕಾದ್ರ ಉಟ್ಕೋರಿ, ತಾಳಿ ಮಾತ್ರ ಆಟಕ್ಕ ಬ್ಯಾಡ್ರಿ’ ಎಂದಳು. ಅಂದಿನಿಂದ ನಾನು ಒಂದೆಳೆಯ ಮಣಿಸರವನ್ನಷ್ಟೇ ಹಾಕುತ್ತೇನೆ.

ಹೊರಡುವ ಹೊತ್ತಿನ ಬಗ್ಗೆ ಬಾಗಲಕೋಟೆಯವರಷ್ಟು ಕಾಳಜಿ ಉಳಿದೆರಡು ಕಡೆ ಕಾಣಲಿಲ್ಲ. ಅಲ್ಲಿ ಕೂಟ ಮುಗಿಯುವುದಕ್ಕೆ ಅರ್ಧ ಗಂಟೆ ಮೊದಲೇ ಕೊಬ್ಬರಿ ಎಣ್ಣೆಯ ಬಟ್ಟಲು, ಹತ್ತಿ, ಉಗುರುಬಣ್ಣ ತೆಗೆಯುವ ದ್ರವ, ದೊಡ್ಡ ಕನ್ನಡಿ ಒಂದೆಡೆ ಇಟ್ಟಿರುತ್ತಾರೆ. ಕಾಡಿಗೆ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆ ಸವರಿ ಒರೆಸಿ ಆಮೇಲೆ ಸಾಬೂನು ಹಚ್ಚಬೇಕು. ಕಿವಿಗೆ ಒತ್ತಿ ಹಾಕಿದ ಓಲೆಯ ಗುರುತು ಮಾಯಲು ಹದಿನೈದು ನಿಮಿಷವಾದರೂ ಬೇಕು, ಆದ್ದರಿಂದ ಓಲೆಯನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಒಬ್ಬರು ಇನ್ನೊಬ್ಬರ ಹುಬ್ಬು, ಕಿವಿಯ ಹಿಂಭಾಗ, ಉಗುರಿನ ಸಂದು ನೋಡಿ ಸರಿಯಾಯಿತು ಎಂದ ಮೇಲೆಯೇ ಬಾಗಿಲ ಅಗುಳಿ ತೆಗೆಯುತ್ತಾರೆ. ಬೆಳಗಾವಿಯ ಗೆಳೆಯರು ಬರುವ ಮಳೆಗಾಲದಲ್ಲಿ ಮತ್ತೆ ಸೇರಬೇಕೆಂದಿದ್ದಾರೆ. ಅವರಿಗೆ ಈ ಐದು ಮಾತುಗಳನ್ನು ಬರೆದು ಕಳಿಸಿದ್ದೇನೆ, ಮುತ್ತು ಮತ್ತು ತಾಳಿಯ ಮಾತನ್ನು ಆರನೆಯದಾಗಿ ಸೇರಿಸಿದ್ದೇನೆ. ಚೂಡಿದಾರದ ಆ ಹುಡುಗನಿಗೂ ಒಂದು ಪ್ರತಿ ಹೋಗಿದೆ.