ಡಿಕೋಡರ್ ಸುಟ್ಟಿದೆ ಅಂತ ಯಾರಾದರೂ ಹೇಳಿದರೆ ಕೂಡಲೇ ನಂಬಬೇಡಿ

ಮಾಡೆಲ್ ರೈಲಿನ ಎಂಜಿನ್ ರಿಪೇರಿಗೆ ಕಳಿಸಿ 5,550 ರೂಪಾಯಿ ಹೋಯಿತು. ದುಡ್ಡಾದರೂ ಹೋಗಲಿ ಅಂತ ಬಿಡಬಹುದಿತ್ತು. ಸರಿಯಾಗಿದ್ದ ಸಾಮಾನನ್ನು ಸುಟ್ಟಿದೆ ಅಂತ ನಂಬಿಸಿ ಇಟ್ಟುಕೊಂಡರಲ್ಲ, ಅದನ್ನು ಬಿಡಲು ಆಗುತ್ತಿಲ್ಲ. ನಮ್ಮ ಕಾಸರಗೋಡು ಕಡೆ ಮಾಡೆಲ್ ರೈಲು ಇಟ್ಟುಕೊಂಡವರೇ ಕಡಿಮೆ, ರಿಪೇರಿಯವರಂತೂ ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ಕೊರಿಯರ್ ಮಾಡಲೇಬೇಕು. ನಿಮ್ಮಲ್ಲಿ ಯಾರಾದರೂ ನಾಳೆ ಎಂಜಿನ್ ಕಟ್ಟಿ ಕಳಿಸಲು ಹೊರಟಿದ್ದರೆ ಇದನ್ನು ಓದಿ ಆಮೇಲೆ ಕಳಿಸಿ.

ನನ್ನದು ಎಚ್‌ಒ ಅಳತೆಯ (ನಿಜವಾದ ರೈಲಿನ 87ನೇ ಒಂದು ಪಾಲು) ಡೀಸೆಲ್ ಎಂಜಿನ್. ದುಬೈಯಲ್ಲಿರುವ ಭಾವ ರಜೆಯಲ್ಲಿ ಬರುವಾಗ ತಂದುಕೊಟ್ಟದ್ದು. ಡಿಕೋಡರ್ ಅಂದರೆ ಹಳಿಯಿಂದ ಬರುವ ಆದೇಶ ಓದಿ ಮೋಟರ್, ಲೈಟ್ ನಡೆಸುವ ಸಣ್ಣ ಬೋರ್ಡು. ಇದರ ಒಳಗೆ ಇದ್ದದ್ದು ಇಎಸ್‌ಯು ಕಂಪನಿಯ ಲೋಕ್‌ಪೈಲಟ್ ಡಿಕೋಡರ್, 21 ಪಿನ್‌ನದ್ದು. ಅದಕ್ಕೆ ವಯರ್ ಇಲ್ಲ, ಸೀದಾ ಎಂಜಿನ್ ಬೋರ್ಡಿನ ಮೇಲೆ ಒತ್ತಿ ಕೂರಿಸುವುದು. ವಯರ್ ಇಲ್ಲ ಅನ್ನುವುದು ನೆನಪಿರಲಿ.

ತಪ್ಪು ಶುರುವಾದದ್ದು ನನ್ನಿಂದಲೇ. ಫ್ಯಾಕ್ಟರಿಯಿಂದ ಬರುವ ಅಡ್ರೆಸ್, ಅಂದರೆ ಕಂಟ್ರೋಲರಿನಿಂದ ಎಂಜಿನ್ನನ್ನು ಕರೆಯುವ ನಂಬರ್, 3 ಅಲ್ವಾ, ಅದನ್ನು ತೆಗೆದು ನಾಲ್ಕಂಕಿಯ ನಂಬರ್ ಕೊಡೋಣ ಅಂತ ಹೊರಟೆ. ಸಿವಿ ಅಂದರೆ ಡಿಕೋಡರಿನೊಳಗೆ ಒಂದೊಂದು ಸೆಟ್ಟಿಂಗ್ ಬರೆದಿಡುವ ಖಾನೆ. ಮೊದಲು ಸಿವಿ 17 ಮತ್ತು 18ರಲ್ಲಿ ನಂಬರ್ ಬರೆದು ಆಮೇಲೆ ಸಿವಿ 29ಕ್ಕೆ 32 ಕೂಡಿಸಬೇಕು. ನಾನು 17, 18 ಮುಟ್ಟದೆ 29ರಲ್ಲಿ 38 ಅಂತ ಬರೆದುಬಿಟ್ಟೆ. ಅಲ್ಲಿಗೆ ಎಂಜಿನ್ ಮಲಗಿತು. 3 ಅಂತ ಕರೆದರೆ ಅಲುಗುವುದಿಲ್ಲ, ಲೈಟೂ ಇಲ್ಲ. ನನ್ನ ಕಂಟ್ರೋಲರ್ ಸಿವಿ ಬರೆಯುತ್ತದೆ, ಓದುವುದಿಲ್ಲ. ಹಾಗಾಗಿ ಒಳಗೆ ಎಂತ ಆಗಿದೆ ಅಂತ ನೋಡುವ ದಾರಿಯೂ ಇರಲಿಲ್ಲ.

ಘಟ್ಟದ ಮೇಲಿನ ಒಬ್ಬ ರಿಪೇರಿಯವರ ಫೋನ್ ನಂಬರ್ ಸಿಕ್ಕಿತು. ಫೋನಿನಲ್ಲಿ ಎಲ್ಲ ಕೇಳಿ, "ಏನೂ ಆಗಿಲ್ಲ ಸಾರ್, ಅಡ್ರೆಸ್ ತಪ್ಪಿದೆ ಅಷ್ಟೇ, ರೀಸೆಟ್ ಮಾಡಿದ್ರೆ ಆಯ್ತು, 400 ಕೊಡಿ" ಅಂದರು. ಇದು ಅವರದ್ದೇ ಮಾತು. ಎಂಜಿನ್ ಕೈಗೆ ಸಿಕ್ಕಿ ನಾಲ್ಕು ದಿನ ಆದ ಮೇಲೆ ಮಾತು ಬೇರೆಯಾಯಿತು. "ಡಿಕೋಡರ್ ಪೂರ್ತಿ ಸುಟ್ಟಿದೆ ಸಾರ್, ಮೋಟರ್ ಉಳಿದದ್ದು ನಿಮ್ಮ ಅದೃಷ್ಟ." ಒಂದು ಫೋಟೊ ಬಂತು. ನಡುವೆ ಕಪ್ಪಾದ ಸಣ್ಣ ಬೋರ್ಡು. ಅದೇ ಕಂಪನಿಯ ಹೊಸದು ಹಾಕುತ್ತೇನೆ, 5,200 ಆಗುತ್ತೆ, ಕೊರಿಯರ್ 350 ಬೇರೆ. ಕೂತಲ್ಲೇ ಗೂಗಲ್ ಪೇ ಮಾಡಿದೆ. ಥ್ಯಾಂಕ್ಸ್ ಅಂತ ಬೇರೆ ಬರೆದೆ. ಆ ಮೆಸೇಜ್ ಈಗ ನೋಡಿದರೆ ಮುಖ ಬಿಸಿಯಾಗುತ್ತದೆ.

ಎಂಜಿನ್ ಬಂತು, ಓಡಿತು. ಆದರೆ ಮೊದಲು ನಿಧಾನಕ್ಕೆ ತೆವಳಿಕೊಂಡು ಹೊರಡುತ್ತಿದ್ದದ್ದು ಈಗ ಜಗ್ಗಿ ಜಗ್ಗಿ ಹೊರಡುತ್ತಿತ್ತು. ಕೇಳಿದ್ದಕ್ಕೆ "ಹೊಸದಲ್ವಾ ಸಾರ್, ಓಡಿ ಓಡಿ ಸರಿಯಾಗುತ್ತೆ" ಅಂದರು. ಮೂರು ವಾರ ಓಡಿಸಿದೆ. ಸರಿಯಾಗಲಿಲ್ಲ.

ಉಪ್ಪಳದಲ್ಲಿ ಒಬ್ಬ ಸ್ನೇಹಿತ ಆರ್ಡಿನೊ ಮೆಗಾ ಬೋರ್ಡಿನಲ್ಲಿ ಡಿಸಿಸಿ-ಇಎಕ್ಸ್ ಅನ್ನುವ, ಮಾಡೆಲ್ ರೈಲು ನಡೆಸುವ ಸಾಫ್ಟ್‌ವೇರ್ ಹಾಕಿಟ್ಟುಕೊಂಡಿದ್ದಾನೆ. ಅದು ಸಿವಿ ಓದುತ್ತದೆ. ಎಂಜಿನ್ ಹಿಡಿದುಕೊಂಡು ಹೋದೆ. ಪ್ರೋಗ್ರಾಮಿಂಗ್ ಟ್ರ್ಯಾಕ್, ಅಂದರೆ ಸಿವಿ ಓದಲು ಬರೆಯಲು ಬೇರೆಯಾಗಿ ಇಟ್ಟ ಹಳಿ ತುಂಡಿನ ಮೇಲೆ ಇಟ್ಟು ಸಿವಿ 8 ಕೇಳಿದ. ಡಿಕೋಡರ್ ಉತ್ತರ ಕೊಡುವುದು ಮೋಟರಿಗೆ ಒಂದು ಕ್ಷಣ ಕರೆಂಟ್ ಬಿಟ್ಟು, ಅದಕ್ಕೇ ಎಂಜಿನ್ ಸಣ್ಣಗೆ ಬೆಚ್ಚಿದ ಹಾಗೆ ಅಲುಗುತ್ತದೆ. ಅಲುಗಿತು. ಪರದೆಯಲ್ಲಿ 13 ಬಂತು.

"ಇಎಸ್‌ಯುದ್ದಾದರೆ 151 ಬರಬೇಕು ಮಾರಾಯ, ಇದು ಎಂತದು?"

ಮೂರು ಸಲ ಓದಿಸಿದೆವು. ಮೂರು ಸಲವೂ 13. ಸಿವಿ 8 ಅಂದರೆ ಡಿಕೋಡರ್ ಮಾಡಿದವರ ನಂಬರ್. ಲೆನ್ಸ್ ಕಂಪನಿಗೆ 99, ಜೀಮೊಗೆ 145, ಹೀಗೆ ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಹಂಚಿಕೊಟ್ಟದ್ದು. 13 ಇರುವುದು ಡಿಕೋಡರನ್ನು ತಾವೇ ಕೈಯಾರೆ ತಯಾರಿಸಿಕೊಳ್ಳುವವರಿಗೆ. 5,200 ಕೊಟ್ಟು ನನಗೆ ಸಿಕ್ಕಿದ್ದು ಹೆಸರಿಲ್ಲದ ಒಂದು ಬೋರ್ಡು.

ಅವನು ಅಲ್ಲಿಗೆ ಬಿಡಲಿಲ್ಲ. ತನ್ನ ಇಎಸ್‌ಯು ಎಂಜಿನ್ ಇಟ್ಟು ನಾನು ಮಾಡಿದ ತಪ್ಪನ್ನೇ ಮಾಡಿದ. 29ರಲ್ಲಿ 38. ಎಂಜಿನ್ ಸತ್ತ ಹಾಗೆ ನಿಂತಿತು, ಥೇಟ್ ನನ್ನದರ ಹಾಗೇ. ಆಮೇಲೆ ಸಿವಿ 8ಕ್ಕೆ 8 ಬರೆದ, ಕರೆಂಟ್ ತೆಗೆದು ಹಾಕಿದ, 3 ಅಂತ ಕರೆದ. ಹೊರಟಿತು. ಎರಡು ನಿಮಿಷ ಹಿಡಿಯಲಿಲ್ಲ. ನಾನು ಸುಮ್ನೆ ನೋಡುತ್ತಾ ಕೂತಿದ್ದೆ. ನನ್ನ ಕಂಟ್ರೋಲರಿನಲ್ಲೂ ಇದನ್ನು ಬರೆಯಬಹುದಿತ್ತು, ಓದಬೇಕಾಗಿಯೇ ಇರಲಿಲ್ಲ.

ಮನೆಗೆ ಬಂದು ಆ ಫೋಟೊ ದೊಡ್ಡದು ಮಾಡಿ ನೋಡಿದೆ. ಸುಟ್ಟ ಬೋರ್ಡಿನಿಂದ ವಯರ್‌ಗಳು ಹೊರಟಿವೆ. ಕೆಂಪು, ಕಪ್ಪು, ಕಿತ್ತಳೆ, ಬೂದು, ತುದಿಯಲ್ಲಿ 8 ಪಿನ್ನಿನ ಪ್ಲಗ್. ನನ್ನ ಡಿಕೋಡರಿಗೆ ಒಂದು ವಯರೂ ಇರಲಿಲ್ಲ! ದುಡ್ಡು ಕಳಿಸುವ ಮೊದಲು ನನ್ನ ಕಣ್ಣೆದುರೇ ಇತ್ತು ಆ ಫೋಟೊ. ಯಾರದ್ದೋ ಸುಟ್ಟದ್ದು ತೋರಿಸಿ ನನ್ನದು ಇಟ್ಟುಕೊಂಡಿದ್ದಾರೆ.

ಫೋನ್ ಮಾಡಿದೆ. ಮೊದಲು "ಆರ್ಡಿನೊ ಎಲ್ಲ ಮಕ್ಕಳಾಟ ಸಾರ್, ತಪ್ಪು ಓದುತ್ತೆ" ಅಂದರು. ಅದೇ ಬೋರ್ಡು ಸ್ನೇಹಿತನ ಎಂಜಿನ್ನನ್ನು 151 ಅಂತ ಸರಿಯಾಗಿ ಓದಿದೆ ಅಂದೆ. ಆಗ "ಕಂಪನಿಯವರು ನಂಬರ್ ಬದಲಾಯಿಸಿರಬಹುದು." ಹಾಗಾದರೆ ಹಳೆಯದು ಕಳಿಸಿ ಅಂದೆ. "ಕಸಕ್ಕೆ ಹಾಕಿದೆ." ವಯರಿನ ಸಂಗತಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬೇರೆ ಗಿರಾಕಿದು ಫೋಟೊ ಬಂದಿರಬಹುದು, ನನಗೆ ಪಾಠ ಹೇಳ್ಬೇಡಿ, ನಿಮಗೆ ಸಿವಿ ಬರೆಯೋಕೇ ಗೊತ್ತಿಲ್ಲ" ಅಂತ ಕಟ್ ಮಾಡಿದರು. ಗೊತ್ತಿಲ್ಲದ್ದಕ್ಕೇ ಅಲ್ವಾ ಮಾರಾಯ್ರೇ ಕಳಿಸಿದ್ದು? ಗೊತ್ತಿಲ್ಲದವರ ಎಂಜಿನ್ನಿನಿಂದ ಡಿಕೋಡರ್ ತೆಗೆದುಕೊಳ್ಳಬಹುದಾ? ಈಗ ನಂಬರ್ ಬ್ಲಾಕ್ ಮಾಡಿದ್ದಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಎಂಜಿನ್ ಓಗೊಡದಿದ್ದರೆ ಮೊದಲು ರೀಸೆಟ್ ಮಾಡಿ. ಇಎಸ್‌ಯು, ಜೀಮೊಗೆ ಸಿವಿ 8ರಲ್ಲಿ 8. ಎಲ್ಲ ಕಂಪನಿಗೂ ಇದೇ ಅಲ್ಲ, ಜೊತೆಗೆ ಬಂದ ಪುಸ್ತಕ ನೋಡಿ. ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿ ಆ ಒಂದೇ ಎಂಜಿನ್ ಇರಲಿ, ಇಲ್ಲದಿದ್ದರೆ ಹಳಿ ಮೇಲಿರುವ ಬಾಕಿಯವಕ್ಕೂ ಬರೆದುಬಿಡುತ್ತದೆ. ಕಳಿಸಲೇಬೇಕಾದರೆ ಮುಚ್ಚಳ ತೆಗೆದು ಡಿಕೋಡರಿನ ಫೋಟೊ ಹೊಡೆದಿಡಿ, ಸಿವಿ 8 ಎಷ್ಟು ಅಂತ ಬರೆದಿಡಿ. ಹಳೆಯದು ವಾಪಸ್ ಬೇಕು ಅಂತ ಮೊದಲೇ ಹೇಳಿ. ನಾನು ಹೇಳಿರಲಿಲ್ಲ.

ಇನ್ನೊಂದು. ನನ್ನ ಡಿಕೋಡರಿನ ಅಂಚಿನಲ್ಲಿ ಗುರುತಿಗೆ ಅಂತ ಹೆಂಡತಿಯ ನೈಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕಿ ಇಟ್ಟಿದ್ದೆ, ಸಾಸಿವೆ ಕಾಳಿನಷ್ಟು. ಸೆಕೆಂಡ್ ಹ್ಯಾಂಡ್ 21 ಪಿನ್ ಲೋಕ್‌ಪೈಲಟ್ ಅಂತ ಯಾರಾದರೂ ನಿಮಗೆ ಮಾರಲು ಬಂದರೆ ದಯವಿಟ್ಟು ಅಂಚು ತಿರುಗಿಸಿ ನೋಡಿ. ಚುಕ್ಕಿ ಇದ್ದರೆ ನನಗೊಂದು ಮೆಸೇಜ್ ಹಾಕಿ.