ಬಳ್ಳಾರಿಯ ಧೂಳಿನಲ್ಲಿ ಮೂರು ಬಗೆಯ ಇಂಜಿನ್ ಎಣ್ಣೆ: ನನ್ನ ಹಣ ಸಿಂಥೆಟಿಕ್‌ಗೆ, ಆದರೆ 15,000 ಕಿಲೋಮೀಟರಿಗಲ್ಲ

ನನ್ನ ಕಾರಿಗೆ ಈಗ ಹಾಕಿಸುತ್ತಿರುವುದು ಪೂರ್ಣ ಸಿಂಥೆಟಿಕ್ 5ಡಬ್ಲ್ಯೂ-40 (ಇದು ಎಣ್ಣೆಯ ದಪ್ಪದ ದರ್ಜೆ) ಎಣ್ಣೆ, ಮುಂದೆಯೂ ಅದನ್ನೇ ಹಾಕಿಸುವವನಿದ್ದೇನೆ. ಆದರೆ ಅದನ್ನು 8,000 ಕಿಲೋಮೀಟರಿಗೆ ಬದಲಿಸುತ್ತೇನೆಯೇ ಹೊರತು ಡಬ್ಬಿ ಮಾರಿದ ಅಂಗಡಿಯವರು ಧಾರಾಳವಾಗಿ ಹೇಳಿದ 15,000ಕ್ಕೆ ಅಲ್ಲ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ತಿಳಿಯಲು ನನಗೆ 5,800 ರೂಪಾಯಿ ಮತ್ತು ಎರಡು ದಿನಗಳ ರಜೆ ಖರ್ಚಾದವು. ಮಿನರಲ್ (ಕಚ್ಚಾ ತೈಲದ ಸಾಮಾನ್ಯ ಶುದ್ಧೀಕರಣದಿಂದ ಸಿಗುವುದು), ಪೂರ್ಣ ಸಿಂಥೆಟಿಕ್ (ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿಯೋ ರಚಿಸಿಯೋ ತಯಾರಿಸಿದ್ದು), ಸೆಮಿ ಸಿಂಥೆಟಿಕ್ (ಇವೆರಡರ ಮಿಶ್ರಣ) ಈ ಮೂರನ್ನೂ ಒಂದೇ ಕಾರಿನಲ್ಲಿ, ಒಂದೇ ರಸ್ತೆಯಲ್ಲಿ ಬಳಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರು 2015ರ 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಫಿಲ್ಟರ್ ಸೇರಿ ಅದರ ಇಂಜಿನ್ 3.1 ಲೀಟರ್ ಎಣ್ಣೆ ಹಿಡಿಯುತ್ತದೆ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಹೋಗಿ ಬರುವುದರಿಂದ ವರ್ಷಕ್ಕೆ ಸುಮಾರು 18,000 ಕಿಲೋಮೀಟರ್ ಓಡುತ್ತದೆ. ಈ ದಾರಿಯನ್ನು ಬಲ್ಲವರಿಗೆ ವಿವರಿಸುವ ಅಗತ್ಯವಿಲ್ಲ: ಕುಡತಿನಿಯ ವಿದ್ಯುತ್ ಸ್ಥಾವರದ ಬಳಿ ಹಾರುಬೂದಿ, ಅಲ್ಲಿಂದ ಮುಂದೆ ಸಂಡೂರಿನ ಕಡೆಯಿಂದ ಬರುವ ಲಾರಿಗಳ ಕೆಂಪು ಅದಿರಿನ ಪುಡಿ, ಇವೆರಡರ ನಡುವೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಊರೊಳಗೆ ರೈಲ್ವೆ ಗೇಟು ಬಿದ್ದರೆ ಎ.ಸಿ. ಹಾಕಿಕೊಂಡು ನಿಂತಲ್ಲೇ ಇಂಜಿನ್ ಓಡಿಸುವುದು ಬೇರೆ. ಕಿಲೋಮೀಟರ್ ಮೀಟರಿಗೆ ಆ ಹೊತ್ತು ಲೆಕ್ಕಕ್ಕೆ ಬಾರದಿದ್ದರೂ ಎಣ್ಣೆಗೆ ಬರುತ್ತದೆ. ಕಾರಿನ ಕೈಪಿಡಿಯು ಸಾಮಾನ್ಯ ಬಳಕೆಗೆ 10,000 ಕಿಲೋಮೀಟರ್ ಎಂದೂ ಧೂಳಿನ ರಸ್ತೆ ಮತ್ತು ಹೆಚ್ಚು ಹೊತ್ತು ನಿಂತು ಓಡುವ ಬಳಕೆಗೆ 5,000 ಎಂದೂ ಹೇಳುತ್ತದೆ. ನಮ್ಮ ಭಾಗದ ಬಹುತೇಕ ಕಾರುಗಳು ಎರಡನೆಯ ಸಾಲಿಗೆ ಸೇರುತ್ತವೆ ಎಂಬುದನ್ನು ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ಮೊದಲ ಕೆಲವು ವರ್ಷ ಹಾಕಿಸಿದ್ದು ಮಿನರಲ್ 20ಡಬ್ಲ್ಯೂ-40. ಪ್ರತಿ 5,000ಕ್ಕೆ ಬದಲಾವಣೆ. ಎಣ್ಣೆ, ಫಿಲ್ಟರ್, ಕೂಲಿ ಎಲ್ಲ ಸೇರಿ ಒಂದು ಸಲಕ್ಕೆ 1,570 ರೂಪಾಯಿ. ದೂರಲು ಏನೂ ಇರಲಿಲ್ಲ. ಬೇಸಿಗೆಯಲ್ಲಿ 4,000 ದಾಟಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು-ಮೂರು ಸೆಕೆಂಡು ಟ್ಯಾಪೆಟ್ ಸದ್ದು (ವಾಲ್ವಿನ ಭಾಗಗಳ ಟಕಟಕ) ಕೇಳುತ್ತಿದ್ದುದು ಮತ್ತು ವರ್ಷಕ್ಕೆ ಮೂರು-ನಾಲ್ಕು ಭಾನುವಾರಗಳು ಗ್ಯಾರೇಜಿನ ಬೆಂಚಿನ ಮೇಲೆ ಕಳೆಯುತ್ತಿದ್ದುದು, ಇವಿಷ್ಟೇ ನನ್ನ ಅಸಮಾಧಾನ.

ಸೆಮಿ ಸಿಂಥೆಟಿಕ್ 10ಡಬ್ಲ್ಯೂ-40 ಅನ್ನು ಎರಡು ಬಾರಿ ಹಾಕಿಸಿದೆ. ಕೆಟ್ಟದ್ದೆನ್ನಲಾರೆ, ಆದರೆ ಆ ಹೆಸರಿನ ಡಬ್ಬಿಯಲ್ಲಿ ಸಿಂಥೆಟಿಕ್ ಭಾಗ ಎಷ್ಟಿರಬೇಕೆಂಬುದಕ್ಕೆ ನಿಗದಿಯಾದ ಪ್ರಮಾಣವೇ ಇಲ್ಲವಾದ್ದರಿಂದ ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಪೂರ್ಣ ಸಿಂಥೆಟಿಕ್ ಎಂಬ ಹೆಸರೂ ಅಷ್ಟೇನೂ ಕಟ್ಟುನಿಟ್ಟಿನದಲ್ಲ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದೇ ಪದದ ಮೇಲೆ ಜಾಹೀರಾತಿನ ತಕರಾರು ನಡೆದು, ಅದು ಕ್ಯಾಸ್ಟ್ರಾಲ್ ಪರವಾಗಿ ತೀರ್ಮಾನವಾಯಿತು. ಅಲ್ಲಿಂದೀಚೆಗೆ ಕಚ್ಚಾ ತೈಲವನ್ನೇ ಹೈಡ್ರೋಜನ್ ಬಳಸಿ ಆಳವಾಗಿ ಸಂಸ್ಕರಿಸಿದ ಮೂರನೆಯ ಗುಂಪಿನ (ಎಣ್ಣೆ ಉದ್ಯಮದ ವರ್ಗೀಕರಣದಲ್ಲಿ) ಎಣ್ಣೆಯೂ ಸಿಂಥೆಟಿಕ್ ಎಂದೇ ಮಾರಾಟವಾಗುತ್ತದೆ. ಆದರೂ ಅದರ ಅಣುಗಳು ಮಿನರಲ್‌ಗಿಂತ ಹೆಚ್ಚು ಏಕರೂಪವಾಗಿರುವುದರಿಂದ ಬಿಸಿಗೆ ಬೇಗ ಕೆಡುವುದಿಲ್ಲ, ಬೇಗ ಆವಿಯಾಗುವುದಿಲ್ಲ, ಜಿಡ್ಡುಗಟ್ಟುವುದು ಕಡಿಮೆ. ಡಬ್ಬಿಯ ಮೇಲಿನ '5ಡಬ್ಲ್ಯೂ' ಎಂಬುದನ್ನು ನೋಡಿ ಹಣ ಕೊಡುವವರು ಒಂದು ಮಾತು ನೆನಪಿಡಬೇಕು: ಆ ಅಂಕಿ ಎಣ್ಣೆಯು ಮೈನಸ್ 30 ಡಿಗ್ರಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬ ಪರೀಕ್ಷೆಗೆ ಸಂಬಂಧಿಸಿದ್ದು, ಬಳ್ಳಾರಿಯ ಡಿಸೆಂಬರಿಗೂ ಅದಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದದ್ದು ಕೊನೆಯ ಅಂಕಿ, ಅಂದರೆ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ದಪ್ಪವಾಗಿ ಉಳಿಯುತ್ತದೆ ಎಂಬುದು.

ಎಡವಿದ್ದು ನಾನು ಇಲ್ಲಿಯೇ. ಮೊದಲ ಬಾರಿಗೆ ಸಿಂಥೆಟಿಕ್ ಕೊಂಡಾಗ ಕೈಪಿಡಿಯಲ್ಲಿ ಮೊದಲು ನಮೂದಾಗಿದ್ದ 5ಡಬ್ಲ್ಯೂ-30 ಅನ್ನೇ ಹಾಕಿಸಿದೆ. ಆಗ ಕಾರು 96,000 ಕಿಲೋಮೀಟರ್ ಓಡಿತ್ತು. ಒಂದು ಸಲಕ್ಕೆ 2,770 ರೂಪಾಯಿ ಆಯಿತು. ಅಂಗಡಿಯವರು, 15,000ದವರೆಗೆ ಬಾನೆಟ್ ಎತ್ತುವುದೇ ಬೇಡ ಎಂದರು. ನಾನು ಮೊಬೈಲಿನಲ್ಲಿ ಭಾಗಿಸಿ ನೋಡಿದೆ: ಮಿನರಲ್‌ನಲ್ಲಿ ಕಿಲೋಮೀಟರಿಗೆ 31.4 ಪೈಸೆ ಬೀಳುತ್ತಿದ್ದದ್ದು ಇದರಲ್ಲಿ 18.5 ಪೈಸೆಗೆ ಇಳಿಯುತ್ತದೆ, ವರ್ಷಕ್ಕೆ 2,300 ರೂಪಾಯಿಗೂ ಹೆಚ್ಚು ಉಳಿತಾಯ. ಇಷ್ಟು ಸರಳ ಲಾಭವನ್ನು ಇಷ್ಟು ವರ್ಷ ಬಿಟ್ಟಿದ್ದೆನಲ್ಲ ಎಂದು ಬೇಸರವೂ ಆಯಿತು. ಇಂಜಿನ್ ಸದ್ದು ನಿಜಕ್ಕೂ ತಗ್ಗಿತು, ಬೆಳಗಿನ ಟ್ಯಾಪೆಟ್ ಸದ್ದು ಹೋಯಿತು, ಮೊದಲ ಆರು ತಿಂಗಳು ಸಿಕ್ಕವರಿಗೆಲ್ಲ ಸಿಂಥೆಟಿಕ್ ಹಾಕಿಸಿ ಎಂದು ಹೇಳಿಕೊಂಡು ತಿರುಗಿದೆ.

11,400 ಕಿಲೋಮೀಟರ್ ಆದಾಗ, ಒಂದು ಸಂಜೆ ತೋರಣಗಲ್ಲಿನಿಂದ ಮರಳುತ್ತಿದ್ದಾಗ, ಕುಡತಿನಿ ಸಮೀಪದ ತಿರುವಿನಲ್ಲಿ ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪ ಒಂದು ಕ್ಷಣ ಹೊತ್ತಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಹೊತ್ತಿತು. ಎಣ್ಣೆ ಕಡಿಮೆಯಾಗುತ್ತಿದೆ ಎಂಬ ಮುನ್ಸೂಚನೆ ಇರಬೇಕು, ಊರು ಮುಟ್ಟಿದ ಮೇಲೆ ನೋಡೋಣ ಎಂದುಕೊಂಡು ಇನ್ನೂ ಐದಾರು ಕಿಲೋಮೀಟರ್ ಓಡಿಸಿದ್ದು ನನ್ನ ತಪ್ಪು. ಆ ದೀಪ ಎಣ್ಣೆಯ ಮಟ್ಟವನ್ನು ಹೇಳುವುದೇ ಇಲ್ಲ, ಒತ್ತಡವನ್ನು ಹೇಳುತ್ತದೆ. ಅದು ಹೊತ್ತಿತೆಂದರೆ ಬೇರಿಂಗುಗಳಿಗೆ ಆ ಕ್ಷಣದಲ್ಲಿ ಸಾಕಷ್ಟು ಒತ್ತಡದಲ್ಲಿ ಎಣ್ಣೆ ತಲುಪುತ್ತಿಲ್ಲ ಎಂದರ್ಥ; ನನ್ನ ಕಾರಿನಲ್ಲಿ ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತಿತ್ತು. ತಿರುವಿನಲ್ಲಿ ಮಾತ್ರ ಹೊತ್ತುತ್ತಿದ್ದುದಕ್ಕೆ ಕಾರಣ, ತಳದಲ್ಲಿ ಉಳಿದಿದ್ದ ಅಲ್ಪ ಎಣ್ಣೆ ಒಂದು ಬದಿಗೆ ಸರಿದು ಹೀರುಕೊಳವೆಯ ಬಾಯಿ ಬರಿದಾಗುತ್ತಿದ್ದುದು. ಇಂಜಿನ್‌ನಲ್ಲಿ ಸರಪಳಿ ಅಲುಗಾಡುವಂಥ ಸದ್ದು ಶುರುವಾದ ಮೇಲೆಯೇ ನಾನು ಬದಿಗೆ ನಿಲ್ಲಿಸಿದ್ದು.

ಪರಿಚಯದ ಮೆಕ್ಯಾನಿಕ್ ಬೈಕಿನಲ್ಲಿ ಬಂದು ಗೇಜಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ನನ್ನ ಮುಖ ನೋಡಿದ. "ಕಡ್ಡಿಗೆ ಆಯಿಲ್ಲೇ ಹತ್ತವಲ್ದಲ್ಲ ಸರ್, ಎಷ್ಟು ದಿನದಿಂದ ನೋಡಿಲ್ಲ?" ಎಂದ. ಮೇಲಿನ ಗೆರೆ ಮುಟ್ಟಲು 1.7 ಲೀಟರ್ ಹಿಡಿಯಿತು. ಅಂದರೆ 3.1 ಲೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಎಲ್ಲಿಯೂ ಸೋರದೆ, ಹೊಗೆಯೂ ಕಾಣಿಸದೆ ಉರಿದು ಹೋಗಿತ್ತು. ಟೈಮಿಂಗ್ ಚೈನನ್ನು (ವಾಲ್ವುಗಳನ್ನು ನಡೆಸುವ ಸರಪಳಿ) ಬಿಗಿಯಾಗಿ ಹಿಡಿಯುವ ಟೆನ್ಷನರ್ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವಂಥದ್ದು; ಅದನ್ನು ಬದಲಾಯಿಸಿ, ಮೇಲಿನ ಮುಚ್ಚಳ ಬಿಚ್ಚಿ ಪರೀಕ್ಷಿಸಿದ್ದಕ್ಕೆ 5,800 ರೂಪಾಯಿ. ಬೇರಿಂಗು ಉಳಿದದ್ದು ಪುಣ್ಯ.

ಈ ಪ್ರಸಂಗವನ್ನು ಕೇಳಿದವರೆಲ್ಲ ಸಿಂಥೆಟಿಕ್ ತೆಳು, ಹಳೆಯ ಇಂಜಿನ್ನಿಗೆ ಆಗಿಬರುವುದಿಲ್ಲ ಎಂದೇ ತೀರ್ಪು ಕೊಟ್ಟರು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 11,400 ಕಿಲೋಮೀಟರಿಗೆ 1.7 ಲೀಟರ್ ಎಂದರೆ ಸಾವಿರಕ್ಕೆ ಸುಮಾರು 150 ಮಿಲಿ ಲೀಟರ್. ಗೇಜಿನ ಕಡ್ಡಿಯ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಆ ಪ್ರಕಾರ ಎಣ್ಣೆ ಕೆಳಗಿನ ಗೆರೆ ಮುಟ್ಟಿದ್ದು 6,700ರ ಹೊತ್ತಿಗೇ. ಲಕ್ಷದ ಹತ್ತಿರ ಓಡಿದ ಇಂಜಿನ್ನಿನ ರಿಂಗುಗಳೂ ವಾಲ್ವ್ ಸೀಲುಗಳೂ ಸ್ವಲ್ಪ ಎಣ್ಣೆ ಕುಡಿಯುವುದು ರೋಗವೇನೂ ಅಲ್ಲ. ಬಹುಶಃ ಮಿನರಲ್ ಇದ್ದಾಗಲೂ ಅದು ಒಂದಿಷ್ಟು ಕುಡಿಯುತ್ತಲೇ ಇತ್ತು; ಆದರೆ 5,000ಕ್ಕೊಮ್ಮೆ ಹಳೆಯದನ್ನು ಪೂರ್ತಿ ಇಳಿಸಿ ಹೊಸದನ್ನು ಸುರಿಯುತ್ತಿದ್ದುದರಿಂದ ಆ ಕೊರತೆ ನನ್ನ ಕಣ್ಣಿಗೆ ಬೀಳುವ ಮೊದಲೇ ತುಂಬಿಹೋಗುತ್ತಿತ್ತು. ಇಳಿಸಿದ ಎಣ್ಣೆಯನ್ನು ಅಳೆದು ನೋಡುವವರು ಯಾರು? ಅವಧಿ ಹೆಚ್ಚಿಸಿದಾಗ ನಾನು ಎಣ್ಣೆಯ ಬಾಳಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ. ಅವಧಿಯ ಜೊತೆಗೆ ಬಾನೆಟ್ ಎತ್ತಿ ನೋಡುವ ಸಂದರ್ಭಗಳೂ ಕಡಿಮೆಯಾದವು ಎಂಬುದು ಹೊಳೆಯಲಿಲ್ಲ. ಇಳಿಸಿದಾಗ ಉಳಿದಿದ್ದ ಎಣ್ಣೆ ಬೆರಳಿಗೆ ಇನ್ನೂ ಜಾರುವಂತೆ ಚೆನ್ನಾಗಿಯೇ ಇತ್ತು. ಎಣ್ಣೆ ಕೆಟ್ಟಿರಲಿಲ್ಲ, ಇರಲೇ ಇಲ್ಲ, ಅಷ್ಟೆ.

ಇನ್ನೊಂದು ವಿಷಯ ಧೂಳು. ಸಿಂಥೆಟಿಕ್ ಬಿಸಿಯನ್ನು ತಡೆಯುತ್ತದೆ, ಆದರೆ ಒಳಗೆ ಹೊಕ್ಕ ಧೂಳನ್ನು ಮಿನರಲ್‌ನಂತೆಯೇ ಹೊತ್ತು ತಿರುಗಿಸುತ್ತದೆ. ಎಣ್ಣೆಯ ಫಿಲ್ಟರು ದೊಡ್ಡ ಕಣಗಳನ್ನು ಹಿಡಿದರೂ ಬಹಳ ಸಣ್ಣವು ದಾಟಿ ಹೋಗುತ್ತವೆ. ಅವುಗಳನ್ನು ಹೊರಹಾಕುವ ದಾರಿ ಎಣ್ಣೆ ಇಳಿಸುವುದೊಂದೇ. ನಮ್ಮ ಕೆಂಪು ಧೂಳು ಹೆಮಟೈಟ್ ಅದಿರು, ಅದರ ಜೊತೆ ಬರುವ ಮರಳಿನ ಕಣಗಳು ಇನ್ನೂ ಗಡುಸು. ಹೀಗಾಗಿ ಏರ್ ಫಿಲ್ಟರನ್ನು 5,000ಕ್ಕೊಮ್ಮೆ ತೆಗೆದು ನೋಡುತ್ತೇನೆ, 10,000ಕ್ಕೆ ಹೊಸದು ಹಾಕುತ್ತೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಜೋರಾಗಿ ಗಾಳಿ ಹೊಡೆಸಿ ಅದೇ ಹಳೆಯ ಕಾಗದದ ಫಿಲ್ಟರನ್ನು ವರ್ಷಗಟ್ಟಲೆ ಬಳಸುವ ಅಭ್ಯಾಸ ಇಲ್ಲಿ ಬಹಳ ಇದೆ. ಆ ರಭಸಕ್ಕೆ ಕಾಗದದ ಎಳೆ ಬಿಟ್ಟುಕೊಂಡರೆ ಕಣ್ಣಿಗೆ ಕಾಣದಷ್ಟು ರಂಧ್ರವೇ ಸಾಕು. ಅಂಥ ಕಾರಿಗೆ ದುಬಾರಿ ಎಣ್ಣೆ ಹಾಕುವುದು ತೂತಿರುವ ಕೊಡಕ್ಕೆ ಹಾಲು ಸುರಿದಂತೆ.

ಹಾಗಾಗಿ 8,000. ಈ ಬಾರಿ ಹಾಕಿಸಿದ್ದು 5ಡಬ್ಲ್ಯೂ-40. ಬಿಸಿ ಪ್ರದೇಶಕ್ಕೆ ಕೈಪಿಡಿಯ ತಾಪಮಾನದ ಪಟ್ಟಿಯಲ್ಲಿ 40ಕ್ಕೂ ಅವಕಾಶವಿದೆ. ಇದರಲ್ಲಿ ಇಂಜಿನ್ ಕುಡಿಯುವುದು ಸಾವಿರಕ್ಕೆ 70 ಮಿಲಿ ಲೀಟರಿಗೆ ಇಳಿದಿದೆ. ಕೈಪಿಡಿಯ ಧೂಳಿನ ರಸ್ತೆಯ ಲೆಕ್ಕಕ್ಕಿಂತ ಇದು 3,000 ಕಿಲೋಮೀಟರ್ ಹೆಚ್ಚು ಎಂಬುದು ನನಗೆ ತಿಳಿದಿದೆ. ನನ್ನ ಕಾರಿನ ವಾರಂಟಿ ಮುಗಿದು ವರ್ಷಗಳಾದವು. ವಾರಂಟಿ ಇರುವವರು ಕೈಪಿಡಿಯನ್ನು ಮೀರುವ ಗೊಡವೆಗೆ ಹೋಗಬಾರದು.

ಹಣದ ಮಾತಿಗೆ ಬಂದರೆ, 8,000ಕ್ಕೆ ಬದಲಿಸಿದರೆ ಸಿಂಥೆಟಿಕ್‌ಗೆ ಕಿಲೋಮೀಟರಿಗೆ 34.6 ಪೈಸೆ ಬೀಳುತ್ತದೆ. 6,000ಕ್ಕೆ ಬದಲಿಸುತ್ತಿದ್ದ ಸೆಮಿಗೆ 32.8, ಮಿನರಲ್‌ಗೆ 31.4. ಸಿಂಥೆಟಿಕ್ ಅಗ್ಗ ಎಂಬ ಮಾತು ನನ್ನ ರಸ್ತೆಯಲ್ಲಿ ಸುಳ್ಳು. ಮಿನರಲ್‌ಗಿಂತ ವರ್ಷಕ್ಕೆ 576 ರೂಪಾಯಿ ಹೆಚ್ಚೇ ಕೊಡುತ್ತಿದ್ದೇನೆ. ಅದಕ್ಕೆ ಪ್ರತಿಯಾಗಿ ಒಂದೆರಡು ಭಾನುವಾರ ಉಳಿಯುತ್ತವೆ, ಮೇ ತಿಂಗಳಲ್ಲಿ ಗೇಟಿನ ಮುಂದೆ ಇಪ್ಪತ್ತು ನಿಮಿಷ ಎ.ಸಿ. ಹಾಕಿಕೊಂಡು ನಿಂತಾಗ ಮನಸ್ಸಿಗೆ ಧೈರ್ಯ ಇರುತ್ತದೆ. ತಿಂಗಳಿಗೆ 48 ರೂಪಾಯಿಗೆ ಇಷ್ಟು ಸಾಕು. ಸಿರುಗುಪ್ಪದಲ್ಲಿರುವ ನಮ್ಮ ಭಾವನವರದೂ ಇದೇ ಮಾದರಿಯ ಕಾರು. ಅವರು ವರ್ಷಕ್ಕೆ 5,000 ಕಿಲೋಮೀಟರ್ ಕೂಡ ಓಡಿಸುವುದಿಲ್ಲ. ಓಡಲಿ ಬಿಡಲಿ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲೇಬೇಕಾದ್ದರಿಂದ ಅವರಿಗೆ ಮಿನರಲ್ ಸಾಕೆಂದು ನಾನೇ ಹೇಳಿದ್ದೇನೆ. ಹಾಗೆಯೇ ಕಾರಿಗೆ ತಂದ ಎಣ್ಣೆಯಲ್ಲಿ ಉಳಿದದ್ದನ್ನು ಬೈಕಿಗೆ ಸುರಿಯಬೇಡಿ. ಬಹುತೇಕ ಬೈಕುಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರತೊಡಗಬಹುದು, ಅವಕ್ಕೆ ಜಾಸೋ ಎಂಎ (ಬೈಕಿನ ಎಣ್ಣೆಯ ಒಂದು ಮಾನಕ) ಗುರುತಿನದೇ ಬೇಕು.

ಉಳಿದ ಎಣ್ಣೆ ಎಂದೆನಲ್ಲ, ಡಬ್ಬಿ ಬರುವುದು ಮೂರೂವರೆ ಲೀಟರಿನದು, ಕಾರು ಹಿಡಿಯುವುದು 3.1. ಮೊದಲೆಲ್ಲ ಆ 400 ಮಿಲಿ ಲೀಟರನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುತ್ತಿದ್ದೆ. ಈಗ ಅದು ಡಿಕ್ಕಿಯಲ್ಲಿ ಹಳೆಯ ಬನಿಯನ್ ತುಂಡಿನ ಜೊತೆ ಇರುತ್ತದೆ. ತಿಂಗಳಿಗೊಮ್ಮೆ, ಕಾರು ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ಎಳೆದು ನೋಡುತ್ತೇನೆ. 5,700ರ ಆಸುಪಾಸಿನಲ್ಲಿ ಆ ಬಾಟಲಿ ಖಾಲಿಯಾಗುತ್ತದೆ.